ಹಕ್ಕಿಯ ಹಿಂದೇನಿದೆ ಎಂದು ಕೇಳುತ್ತಿದ್ದವರು

ನಮ್ಮ ಸಾಹುಕಾರರ ಬಲಗೈ ಹೆಬ್ಬೆರಳು ಅಗಲವಾಗಿ, ಚಪ್ಪಟೆಯಾಗಿ, ಪುಟ್ಟ ಮಣೆಯ ಹಾಗಿತ್ತು. ಜೀವಮಾನವೆಲ್ಲ ಸೀರೆಯ ಮಡಿಕೆ ಒತ್ತಿ ಒತ್ತಿ ಹಾಗಾಗಿತ್ತೇನೋ. ನಾವು ತೆಗೆದ ಹಕ್ಕಿಯ ಫೋಟೋ ಮುಂದಿಟ್ಟರೆ ಮೊದಲು ಆ ಬೆರಳನ್ನು ಹಕ್ಕಿಯ ಮೇಲಿಟ್ಟು ಅದನ್ನು ಮುಚ್ಚಿಬಿಡುತ್ತಿದ್ದರು. ಬಿಸಿಲಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ ತೆಗೆದ ಹಕ್ಕಿ ಮಾಯ!

“ಈಗ ಏನು ಉಳೀತು, ಹೇಳ್ರಿ” ಎನ್ನುತ್ತಿದ್ದರು.

ಉಳಿಯುತ್ತಿದ್ದುದು ಹಿನ್ನೆಲೆ ಮಾತ್ರ. ಅವರು ನೋಡುತ್ತಿದ್ದುದೂ ಅದನ್ನೇ. ಮೊಬೈಲಿನಲ್ಲಿ ತೋರಿಸಿದರೆ ಬೆರಳು ತಾಗಿದ ಕೂಡಲೇ ಚಿತ್ರ ಓಡಿಹೋಗುತ್ತದೆಂದು ರೇಗುತ್ತಿದ್ದರು. ಹಾಗಾಗಿ ಪ್ರಿಂಟ್ ಹಾಕಿಸಿಯೇ ಒಯ್ಯಬೇಕಿತ್ತು.

ದಾವಣಗೆರೆಯಲ್ಲಿ ಅವರದು ಅಪ್ಪನ ಕಾಲದ ಸೀರೆ ಅಂಗಡಿ. ನನ್ನದು ವಿನೋಬನಗರದಲ್ಲಿ ಔಷಧಿ ಅಂಗಡಿ. ಕ್ಯಾಮೆರಾ ಹುಚ್ಚಿನ ನಾವು ನಾಲ್ಕೈದು ಮಂದಿ, ಅವರ ಅಂಗಡಿಗೆ ರಜೆಯಿದ್ದ ದಿನ, ಅರ್ಧ ಎಳೆದ ಷಟರಿನ ಕೆಳಗೆ ಬಗ್ಗಿ ಒಳಹೊಕ್ಕು ಬಿಳಿ ಗಾದಿಯ ಮೇಲೆ ಕೂರುತ್ತಿದ್ದೆವು. ಮೊದಲ ಸಲ ನಾನು ಒಯ್ದದ್ದು ಒಂದು ಮಿಂಚುಳ್ಳಿಯ ಚಿತ್ರ. ಸಾಹುಕಾರರು ಬಹಳ ಹೊತ್ತು ನೋಡಿ, “ಪಾಪ, ತಲಿ ಮ್ಯಾಲೆ ಲೈಟ್ ಕಂಬ ಹೊತ್ಕೊಂಡು ಕುಂತೈತಲ್ರಿ ಇದು” ಎಂದರು. ಆಗಲೇ ನನಗೆ ಹಿಂದಿನ ಕಂಬ ಕಂಡದ್ದು. ಆಮೇಲೆ ಕಪಾಟಿನಿಂದ ಗಿಳಿಹಸಿರು ಸೀರೆಯೊಂದನ್ನು ತೆಗೆದು ಹರವಿ, ಅದರ ಮೇಲೆ ಕೆಂಪು ಕುಪ್ಪಸದ ಬಟ್ಟೆ ಇಟ್ಟು, ತೆಗೆದು, ಹಳದಿಯದನ್ನು ಇಟ್ಟು, ಹಿಂದಿನ ಬಣ್ಣದ ಮೇಲೆ ಯಾವುದು ಎದ್ದು ಕಾಣುತ್ತದೆಂದು ತೋರಿಸಿದರು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಂಬ ತಪ್ಪುತ್ತದೆ, ತಗ್ಗಿ ಕೂತರೆ ಹಿಂದಿನ ಗದ್ದೆ ದೂರವಾಗಿ ಬರಿಯ ಬಣ್ಣವಾಗುತ್ತದೆ ಎಂದು ಕಲಿತದ್ದು ಆ ಗಾದಿಯ ಮೇಲೆ.

ಅವರೂ ಹಕ್ಕಿಗಳ ಫೋಟೋ ತೆಗೆಯುತ್ತಿದ್ದರು. ತಮ್ಮ ಚಿತ್ರವನ್ನು ಮಾತ್ರ ಕೊನೆಗೆ ಇಡುತ್ತಿದ್ದರು. “ಹೊಗಳೋರು ಹೊರಗೆ ನಡೀರಿ” ಎಂಬುದು ಆಗಿನ ಮಾತು. ಹರಿಹರದಿಂದ ಬರುತ್ತಿದ್ದ ಪ್ರೈಮರಿ ಶಾಲೆಯ ಮೇಷ್ಟ್ರು ಒಮ್ಮೆ ಹೆದರುತ್ತಲೇ, “ಹಿಂದೆ ಎಲ್ಲಾ ನುಣ್ಣಗೈತೆ ಸಾವ್ಕಾರ್ರೆ, ಆದ್ರೆ ಹಕ್ಕಿ ಯಾವೂರಾಗೆ ಕುಂತೈತೆ ಅಂತ ತಿಳಿಯಂಗಿಲ್ಲ” ಎಂದಿದ್ದರು. ಸಾಹುಕಾರರು ಚಿತ್ರವನ್ನು ಮತ್ತೆ ನೋಡಿ, “ಹೌದಲ್ರಿ!” ಎಂದು ಮಗುವಿನಂತೆ ನಕ್ಕುಬಿಟ್ಟರು.

ಆ ಮೇಷ್ಟ್ರಿಗೆ ಸಾಹುಕಾರರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ವಿಪರೀತ. ಅವರು ಒಮ್ಮೆ ಹರಿಹರದ ಹತ್ತಿರ ಭಾನುವಳ್ಳಿಯ ನೀರಾವರಿ ಚಾನಲ್ ಏರಿಯ ಪೊದೆಯಲ್ಲಿ ಗೂಡು ಕಟ್ಟಿದ್ದ ಪಿಕಳಾರದ ಚಿತ್ರ ತಂದರು. ತಾಯಿ ಮರಿಗಳಿಗೆ ಗುಟುಕು ಕೊಡುತ್ತಿತ್ತು. ಸಾಹುಕಾರರು ಬೆರಳಿಟ್ಟು, “ಬರೇ ಕಡ್ಡಿ. ಎಲ್ಲಿ ನೋಡಿದ್ರೂ ಕಡ್ಡಿ. ಈ ಕಡ್ಡಿ ನೋಡ್ರಿ, ತಾಯಿ ಕಣ್ಣಾಗೇ ಚುಚ್ಚಿದಂಗೈತೆ” ಎಂದು ಬದಿಗಿಟ್ಟರು. ಮೇಷ್ಟ್ರ ಮುಖ ಸಣ್ಣದಾಯಿತು.

ಮುಂದಿನ ವಾರ ಮೇಷ್ಟ್ರು ಬಂದವರೇ ಹೊಸ ಪ್ರಿಂಟ್ ಇಟ್ಟರು. ಅದೇ ಗೂಡು, ಅದೇ ತಾಯಿ. ಹಿಂದೆ ಮಾತ್ರ ಭತ್ತದ ಗದ್ದೆಯ ಹಸಿರು, ರೇಷ್ಮೆಯಂತೆ.

“ಭೇಷ್!” ಎಂದರು ಸಾಹುಕಾರರು. ಆ ಮಾತನ್ನು ನಾವು ಅವರಿಂದ ಕೇಳಿದ್ದು ಅದೇ ಮೊದಲು. ಮೇಷ್ಟ್ರ ಕಣ್ಣು ತುಂಬಿದವು. ಅಷ್ಟರಲ್ಲಿ ಸಾಹುಕಾರರ ಹುಬ್ಬು ಗಂಟಿಕ್ಕಿತು.

“ಅವತ್ತಿನ ಕಡ್ಡಿ ಎಲ್ಲಿ ಹೋದ್ವು ಮೇಷ್ಟ್ರೇ?”

“ಕತ್ತರಿಸಿ ತೆಗೆದೆ ಸಾವ್ಕಾರ್ರೆ. ನೀವು ಹೇಳಿದ್ರಲ್ಲ.”

ಸಾಹುಕಾರರು ಎದ್ದುನಿಂತರು. ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲಲಿಲ್ಲ. ಅವರ ಕಾರಿನಲ್ಲೇ ಎಲ್ಲರೂ ಭಾನುವಳ್ಳಿಗೆ ಹೋದೆವು.

ಕತ್ತರಿಸಿದ ಕೊಂಬೆಗಳು ಪೊದೆಯ ಕೆಳಗೆ ಒಣಗಿ ಬಿದ್ದಿದ್ದವು. ನೆರಳಿಲ್ಲದ ಗೂಡಿನ ಮೇಲೆ ಬಿಸಿಲು ಸುರಿಯುತ್ತಿತ್ತು. ಒಳಗೆ ಒಂದೇ ಮರಿ, ಬಾಯಿ ತೆರೆದುಕೊಂಡೇ ಸತ್ತಿತ್ತು, ಇರುವೆ ಮುತ್ತಿದ್ದವು. ಉಳಿದವನ್ನು ಕಾಗೆ ಒಯ್ದಿತ್ತೋ ಕೆಂಬೂತವೋ. ತಾಯಿ ಕೊಕ್ಕಿನಲ್ಲಿ ಹುಳು ಹಿಡಿದು ಕರೆಂಟ್ ತಂತಿಗೂ ಗೂಡಿಗೂ ನಡುವೆ ಅತ್ತಿತ್ತ ಹಾರುತ್ತಿತ್ತು.

“ಮಕ್ಕಳಿಗೆ ಅಕ್ಷರ ತಿದ್ದಿಸೋ ಕೈಯೇನ್ರಿ ಇದು?” ಎಂದು ಸಾಹುಕಾರರು ಎಲ್ಲರೆದುರು ಕೂಗಿದರು. ಮೇಷ್ಟ್ರು ಏರಿಯ ಮೇಲೆ ನಡೆಯುತ್ತಾ ಹೋಗಿ, ಬಂದ ಹರಿಹರದ ಬಸ್ಸು ಹತ್ತಿದರು.

ಆಮೇಲೆ ಅಂಗಡಿಯ ಗಾದಿಯಲ್ಲಿ ನಾವು ಕೂರಲಿಲ್ಲ. ಸಾಹುಕಾರರು ಫೋನಿಗೂ ಸಿಗಲಿಲ್ಲ. ಒಂದು ದಿನ ತಾವಾಗಿಯೇ ನನ್ನ ಅಂಗಡಿಗೆ ಬಂದು, “ಹರಿಹರಕ್ಕೆ ಹೋಗಿ ಬರಾಣ, ನಡೀರಿ. ಒಬ್ಬನೇ ಹೋಗಾಕೆ ಧೈರ್ಯ ಸಾಲವಲ್ದು” ಎಂದರು.

ಶಾಲೆಯ ಬೇವಿನ ಮರದ ಕೆಳಗೆ ಕಾದೆವು. ಊಟದ ಬಿಡುವಿನಲ್ಲಿ ಮೇಷ್ಟ್ರು ಹೊರಗೆ ಬಂದರು. ಸಾಹುಕಾರರು ಕೈ ಮುಗಿದರು.

“ಅವತ್ತು ನಿಮಗೆ ಅನ್ನಬಾರದ್ದು ಅಂದೆ ಮೇಷ್ಟ್ರೇ. ಕತ್ತರಿಸ್ರಿ ಅಂತ ನಾನು ಹೇಳ್ಲಿಲ್ಲ, ಖರೆ. ಆದ್ರೆ ಕತ್ತರಿಸಬ್ಯಾಡ್ರಿ ಅಂತಾನೂ ಯಾವತ್ತೂ ಹೇಳ್ಲಿಲ್ಲ. ಹಿಂದೆ ಚೊಕ್ಕ ಇರಲಿ, ಚೊಕ್ಕ ಇರಲಿ ಅಂತ ನಿಮ್ಮ ತಲಿ ತಿಂದೋನು ನಾನೇ.”

ಮೇಷ್ಟ್ರು ನೆಲ ನೋಡುತ್ತಾ ನಿಂತಿದ್ದರು. “ನಿಮ್ಮ ಒಂದು ಭೇಷ್‌ಗೆ ಎಷ್ಟು ಕಾದಿದ್ದೆ ಗೊತ್ತೇನ್ರಿ? ಈಗ ಕ್ಯಾಮೆರಾ ಮುಟ್ಟಿದ್ರೆ ಆ ಮರಿ ಬಾಯೇ ಕಾಣ್ತೈತೆ. ನನಗೆ ಬ್ಯಾಡ ಸಾವ್ಕಾರ್ರೆ. ನೀವು ಬಿಸಿಲಾಗೆ ನಿಂತ್ಕಬ್ಯಾಡ್ರಿ, ಹೋಗ್ರಿ” ಎಂದು ಒಳಗೆ ಹೋದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಾಹುಕಾರರಿಗೆ ಸುಲಭವಾಗುತ್ತಿತ್ತು.

ಕೊನೆಯ ದಿನಗಳಲ್ಲಿ ಅವರು ದೇವರಾಜ ಅರಸು ಬಡಾವಣೆಯ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಉಸಿರಾಟದ ತೊಂದರೆ. ಔಷಧಿ ಕೊಡಲು ಹೋದಾಗ ಒಮ್ಮೆ ಹರಿಹರದ ಹೊಳೆಯ ದಂಡೆಯಲ್ಲಿ ಕಲ್ಲಿನ ಮೇಲೆ ಕೂತಿದ್ದ ಮಿಂಚುಳ್ಳಿಯ ಚಿತ್ರ ಒಯ್ದಿದ್ದೆ. ಹಿಂದೆ ನೆನೆದ ಬಟ್ಟೆ, ಪ್ಲಾಸ್ಟಿಕ್ ಕವರು, ಒಡೆದ ಮಡಕೆ. ಬೈಯಲಿ ಎಂದೇ ಒಯ್ದಿದ್ದೆ. ಅವರು ಲಕೋಟೆಯನ್ನೇ ತೆರೆಯಲಿಲ್ಲ.

“ನೀವು ಪಟ ತೆಗೆದು ಬಂದ ಮ್ಯಾಲೂ ಹಕ್ಕಿ ಅಲ್ಲೇ ಇತ್ತೇನ್ರಿ?”

ನಾನು ತಿರುಗಿ ನೋಡಿರಲಿಲ್ಲ. ಹಾಗೆಂದೆ. “ಹೋಗಿ ನೋಡ್ಕೊಂಡು ಬರ್ರಿ” ಎಂದರು. ಮರುದಿನ ಹೋದೆ. ಅದು ಅದೇ ಕಲ್ಲಿನ ಮೇಲಿತ್ತು. ಬಂದು ಹೇಳಿದಾಗ, “ಹಂಗಾದ್ರೆ ಪಟ ಚಲೋ ಬಂದೈತೆ” ಎಂದು ಲಕೋಟೆಯನ್ನು ನನ್ನ ಕೈಗೇ ಕೊಟ್ಟರು. ಇವತ್ತಿಗೂ ಯಾರಾದರೂ ಹಕ್ಕಿಯ ಚಿತ್ರ ಕಳಿಸಿ ಹೇಗಿದೆಯೆಂದು ಕೇಳಿದರೆ ನಾನು ಮೊದಲು ಕೇಳುವುದು ಅವರ ಆ ಪ್ರಶ್ನೆಯನ್ನೇ.

ಅವರು ತೀರಿಕೊಂಡ ದಿನ ಹಣೆತುಂಬ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ್ದರು. ಮೇಷ್ಟ್ರು ಬಂದರು. ಹಾರ ಹಾಕಿ, ಪಾದ ಮುಟ್ಟಿ, ಗೇಟಿನ ಹತ್ತಿರ ನನ್ನ ಪಕ್ಕ ಬಂದು ನಿಂತರು.

“ನನ್ನ ಬಗ್ಗೆ ಏನಾದ್ರೂ ಅಂದ್ರೇನ್ರಿ?”

“ಹೋದಾಗೆಲ್ಲ ಕೇಳೋರು, ಮೇಷ್ಟ್ರು ಮತ್ತೆ ಕ್ಯಾಮೆರಾ ಹಿಡಿದ್ರಾ ಅಂತ.”

“ನೀವು ಏನಂತಿದ್ರಿ?”

“ಇಲ್ಲ ಅಂತಿದ್ದೆ.”

“ಒಂದು ಸಲ ಹೂಂ ಅನ್ನಬೇಕಿತ್ರಿ” ಎಂದು ಮೇಷ್ಟ್ರು ಕಣ್ಣೊರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.