ಮುಗಿಯದ ಭಾಗಾಕಾರ

ಬೆಳಗಿನ ಐದೂವರೆ. ಮಾಟುಂಗದ ಒಂದು ಚಾಳಿನ ನಳದ ಮುಂದೆ ಹೆಂಗಸರ ಸಾಲು. ಅದರಲ್ಲಿ ಕೊಡವಿಲ್ಲದೆ ನಿಂತಿರುವವರು ಒಬ್ಬರೇ, ಕನ್ನಡ ಶಾಲೆಯ ನಾಲ್ಕನೇ ತರಗತಿಯ ಟೀಚರ್ ನೀಲಾವತಿ. ಉಡುಪಿ ಕಡೆಯವರು, ವಯಸ್ಸು ಇಪ್ಪತ್ತೆರಡು. ಮುಲುಂಡಿನ ಅಣ್ಣನ ಮನೆಯಿಂದ ಮೊದಲ ಲೋಕಲ್ ಹಿಡಿದು ಬಂದಿದ್ದಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಸಾಲಿನ ಆಚೆ ನಿಂತಿದ್ದೇನೆ. ಏಳಕ್ಕೆ ಶಾಲೆ. ಅದಕ್ಕೆ ಮೊದಲು ರುದ್ರವ್ವ ಎಂಬ ತಾಯಿಯ ಮನಸ್ಸು ಒಲಿಸಬೇಕು. ಹನ್ನೊಂದು ದಿನದಿಂದ ಇದೇ ನಡೆದಿದೆ.

೧೯೫೬ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದಾಗ ಅವರ ಪಾಲಿಗೆ ಬಂದದ್ದು ಒಂದು ಕೋಣೆ, ನಲವತ್ತಾರು ಮಕ್ಕಳು ಮತ್ತು ಪಾಠ ಟಿಪ್ಪಣಿಯ ಪುಸ್ತಕ. ದಿನಕ್ಕೆ ನಾಲ್ಕು ಪುಟ ಬರೆಯಲೇಬೇಕು.

“ಚಂದ ಮಾಡಿ ಬರೀತಿದ್ದೆ ಮಾರಾಯ್ರೆ. ಮೊದಲ ಪಿರಿಯಡ್ ಗಣಿತ ಅಂತ ಬರೆದ್ರೆ ಕ್ಲಾಸಿನಲ್ಲಿ ಹುಡುಗಿಯರೇ ಇಲ್ಲ. ನೀರಿಗೆ ನಿಂತಿರ್ತಾರೆ ಅಂತ ಆಗ ಗೊತ್ತಿರ್ಲಿಲ್ಲ.”

ಹಾಗೆ ಗೊತ್ತಿಲ್ಲದೆಯೇ ಒಂದು ಅನಾಹುತ ಆಗಿಹೋಯಿತು. ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕಾದ ಹನ್ನೆರಡರ ಕಾಶವ್ವ ವಾರಕ್ಕೆ ಮೂರು ದಿನ ತಪ್ಪಿಸುತ್ತಿದ್ದಳು. ಟೀಚರ್ ಅವಳ ಅಪ್ಪನಿಗೆ ಅಂಚೆ ಕಾರ್ಡು ಹಾಕಿದರು: ಮಗಳು ಶಾಲೆಗೆ ಬರುತ್ತಿಲ್ಲ, ಎಲ್ಲಿಗೆ ಹೋಗುತ್ತಾಳೆಂದು ವಿಚಾರಿಸಿ. ಅಪ್ಪನಿಗೆ ಓದು ಬಾರದು. ಈ ಚಾಳಿನಲ್ಲಿ ಯಾರ ಕಾರ್ಡು ಬಂದರೂ ಓದು ಬಲ್ಲ ನೆರೆಯವರು ವರಾಂಡದಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳುವುದು ರೂಢಿ. ಇದನ್ನೂ ಹಾಗೇ ಓದಿದರು. ಸಂಜೆಯೊಳಗೆ ಮೂರು ಮಹಡಿಯಲ್ಲೂ ಅದೇ ಮಾತು.

“ಎಲ್ಲಿಗಿ ಹೋಗತಿದ್ಲು? ಇದ ನಳಕ್ಕ!” ಎನ್ನುತ್ತಾರೆ ಕಾಶವ್ವನ ತಾಯಿ, ಬಿಜಾಪುರ ಕಡೆಯ ರುದ್ರವ್ವ. “ನಾ ಮಿಲ್ಲಿಗಿ ಹೋದ ಮ್ಯಾಲ ನೀರು ಆಕೀನ ತರಬೇಕು. ಹೊತ್ತಾದ್ರ ನಾಚಿಕ್ಯಾಗಿ ಸಾಲಿಗಿ ಹೋಗತಿರಲಿಲ್ಲ. ಮಂದಿ ಬಾಯಿ ಮುಚ್ಚಸಾಕ ಅವರಪ್ಪ ಲಗ್ನ ಗೊತ್ತ ಮಾಡ್ಯಾನ. ಇನ್ನ ಹದಿನೆಂಟ ದಿನ. ನೀವು ದಿನಾ ಬಂದು ಹಿಂಗ ನಿಂತ್ರ ಮತ್ತ ಮಂದಿ ಮಾತಾಡ್ತಾರ್ರೀ ಅಕ್ಕೋರ.”

ಪಾಲಕರನ್ನು ಸಂಪರ್ಕಿಸಿ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಕಾರ್ಡನ್ನು ಯಾರು ಓದುತ್ತಾರೆ, ಎಲ್ಲಿ ನಿಂತು ಓದುತ್ತಾರೆ ಎಂದು ಯಾರೂ ಹೇಳಿಕೊಡುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿಲ್ಲ.

ಟೀಚರ್ ಆಮೇಲೆ ಕಾರ್ಡು ಬರೆದಿಲ್ಲ. ಇಪ್ಪತ್ತೊಂದು ಮನೆಗಳ ಮೆಟ್ಟಿಲು ಹತ್ತಿದ್ದಾರೆ. ಗಣಿತವನ್ನು ಒಂಬತ್ತು ಗಂಟೆಗೆ ಸರಿಸಿದ್ದಾರೆ. ವೇಳಾಪಟ್ಟಿಗೆ ವಿರುದ್ಧ ಎಂದು ಹೆಡ್‌ಮಾಸ್ತರರ ಕೆಂಪು ಶಾಯಿ ಬಿದ್ದಿದೆ. ಶಾಲೆ ಬಿಟ್ಟಿದ್ದ ಆರು ಹುಡುಗಿಯರು ಮರಳಿದ್ದಾರೆ. ಕಾಶವ್ವ ಮಾತ್ರ ಬಂದಿಲ್ಲ.

ತುಂಬಿದ ಕೊಡ ಒಯ್ಯಲು ಅವಳೇ ಕೆಳಗೆ ಬರುತ್ತಾಳೆ. ತಾಯಿ ಅತ್ತ ತಿರುಗಿದಾಗ ಮೆಲ್ಲಗೆ ಕೇಳುತ್ತಾಳೆ, “ಅಕ್ಕೋರ, ಭಾಗಾಕಾರ ಮುಗೀತೇನ್ರಿ?”

“ಇಲ್ಲ ಮಗಾ, ಇನ್ನೂ ಉಂಟು.”

ಅವಳು ದಿನವೂ ಕೇಳುತ್ತಾಳೆ, ಇವರು ದಿನವೂ ಇದನ್ನೇ ಹೇಳುತ್ತಾರೆ.

ಶಾಲೆಯಲ್ಲಿ ಟಿಪ್ಪಣಿ ಪುಸ್ತಕ ತಿರುವಿ ನೋಡುತ್ತೇನೆ. ಹನ್ನೊಂದು ದಿನದಿಂದಲೂ ಒಂದೇ ಪಾಠ, ಭಾಗಾಕಾರ. ಇವತ್ತಿನ ಪುಟದಲ್ಲೂ ಅದೇ.

“ಉಳಿದ ನಲವತ್ತೈದು ಮಕ್ಕಳಿಗೆ ಬೇಜಾರು ಬಂದಿದೆ, ಗೊತ್ತುಂಟು” ಎನ್ನುತ್ತಾರೆ ನೀಲಾವತಿ. “ಆದ್ರೆ ಅವಳಿಗೆ ನಾನು ಸುಳ್ಳು ಹೇಳ್ಬಾರ್ದಲ್ಲ. ಇನ್ನು ಹದಿನೆಂಟು ದಿನ ಉಂಟು. ಅಷ್ಟು ದಿನವೂ ಇದೇ ಪಾಠ.”