ಕಂಡ ಪುಸ್ತಕವನ್ನಷ್ಟೇ ಬರೆಸಿದವರು

ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕು ತುದಿ ಜಜ್ಜಿಹೋಗಿತ್ತಂತೆ. ಉಗುರು ಮತ್ತೆ ಬರಲೇ ಇಲ್ಲ. ಶೇಂಗಾಬೀಜದ ಹಾಗೆ ನುಣ್ಣಗೆ ದುಂಡಗಿದ್ದ ಆ ಬೆರಳ ತುದಿ ಕಾಗದದ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದರೆ ಎದುರಿಗೆ ಕುಳಿತವರು ಉಸಿರು ಬಿಗಿಹಿಡಿದಿರುತ್ತಿದ್ದರು. ಅದು ನಿಂತಿತೆಂದರೆ ಅಲ್ಲಿ ತಪ್ಪಿದೆ ಎಂದೇ ಅರ್ಥ.

ಅವರು ಗೋಕಾಕದಲ್ಲಿ ನಾನು ಓದಿದ ಕಾಲೇಜಿನ ಗ್ರಂಥಪಾಲಕರು. ಮನೆ ಮೂಡಲಗಿಯಲ್ಲಿ. ದಿನಾ ಬಸ್ಸಿನಲ್ಲಿ ಬಂದು, ಗ್ರಂಥಾಲಯದ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವರು. ಬೇರೆ ಯಾರಿಗೂ ಬಿಡಿ ಎನ್ನುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಿಸದೆ, ಮನೆಯಿಂದ ತಂದ ಬೆಲ್ಲದ ಚೂರನ್ನು ದವಡೆಯಲ್ಲಿಟ್ಟುಕೊಂಡು ಕುಡಿಯುವುದು ಅವರ ರೂಢಿ. ಅಂಗಿಯ ಜೇಬಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನು ಕತ್ತರಿಸಿ ಮಾಡಿದ ಚೀಟಿಗಳ ಕಟ್ಟೊಂದು ಇರುತ್ತಿತ್ತು. ಯಾರಾದರೂ ಯಾವುದಾದರೂ ಪುಸ್ತಕದ ಹೆಸರು ಹೇಳಿದರೆ ಸಾಕು, ಒಂದು ಚೀಟಿ ಹೊರಗೆ ಬರುತ್ತಿತ್ತು. "ಯಾರದು? ಎಲ್ಲಿ ಅಚ್ಚಾಗೇತಿ? ನೀ ಖರೇನ ಕಂಡಿಯೇನು?" ಎಂದು ಕೇಳಿ ಬರೆದುಕೊಳ್ಳುವರು.

ಬಿ.ಎ. ಓದುವಾಗ ನನಗೆ ಅವರೆಂದರೆ ಹೆದರಿಕೆ. ಬಳಕೆ ಬೆಳೆದದ್ದು ಎಷ್ಟೋ ವರ್ಷಗಳ ಮೇಲೆ. ನಾನಾಗ ನಾಗನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಸೀಮೆಯ ಹೆಣ್ಣುಮಕ್ಕಳು ಹೊಲದ ಕೆಲಸದಲ್ಲಿ ಬಳಸುವ ಮಾತುಗಳನ್ನು ಕುರಿತು ಪಿಎಚ್.ಡಿ.ಗೆ ಪ್ರಬಂಧ ಬರೆಯುತ್ತಿದ್ದೆ. ಐದು ಅಧ್ಯಾಯ ಮುಗಿದಿದ್ದವು. ಸಲ್ಲಿಸಲು ಒಂದೂವರೆ ತಿಂಗಳಿತ್ತು. ನನ್ನ ಮಾರ್ಗದರ್ಶಕರು ಕೊನೆಯ ಪುಟಗಳನ್ನು ತಿರುವಿ, "ಗ್ರಂಥಸೂಚಿ ಒಂದು ಸರಿಮಾಡಿಸಿಕೊಂಡು ಬಾ" ಎಂದರು. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡು ಹಳೆಯ ಕಾಲೇಜಿಗೆ ಹೋದೆ.

ಗ್ರಂಥಪಾಲಕರು ಪಟ್ಟಿ ಬಿಡಿಸಿದರು. ಬೆರಳು ಎರಡನೆಯ ಪುಟದಲ್ಲಿ ನಿಂತಿತು.

"ಇದೇನ ತಂಗಿ, ನಡುವ ದವಾಖಾನಿ ತಗದೀಯೇನ?"

ನನಗೆ ತಿಳಿಯಲಿಲ್ಲ. ಬಗ್ಗಿ ನೋಡಿದೆ. ಅಕಾರಾದಿಯಾಗಿ ಜೋಡಿಸುವ ಕೆಲಸವನ್ನು ನಾನು ಕಂಪ್ಯೂಟರಿಗೆ ಬಿಟ್ಟಿದ್ದೆ. ಅದು ಹೆಸರಿನ ಮುಂದೆ 'ಡಾ.' ಎಂದಿದ್ದವರನ್ನೆಲ್ಲ ಒಟ್ಟುಗೂಡಿಸಿ 'ಡ' ಅಕ್ಷರದ ಕೆಳಗೆ ಸಾಲಾಗಿ ಕೂರಿಸಿತ್ತು. 'ಪ್ರೊ.' ಎಂದಿದ್ದವರೆಲ್ಲ 'ಪ'ದಲ್ಲಿದ್ದರು. ನಮ್ಮ ಕಡೆಯ ಲೇಖಕರು ಕೆಲವರು ಮನೆತನದ ಅಡ್ಡಹೆಸರಿನಿಂದ ಬಂದಿದ್ದರು, ಕೆಲವರು ತಮ್ಮ ಹೆಸರಿನಿಂದ. ಮೈಸೂರು ಕಡೆಯವರು ಇನಿಷಿಯಲ್ಲಿನಿಂದ. ಒಬ್ಬರೇ ಲೇಖಕರು ಎರಡು ಕಡೆ ಇಬ್ಬರಾಗಿ ಕುಳಿತಿದ್ದರು.

"ಅಡ್ಡಹೆಸರ ಹಿಡೀತೀಯೋ, ಸ್ವಂತ ಹೆಸರ ಹಿಡೀತೀಯೋ, ಅದ ನಿನಗ ಬಿಟ್ಟದ್ದು. ಆದರ ಒಂದ ಹಿಡಿ, ಕಡೀತನಕ ಬಿಡಬ್ಯಾಡ. ಅಡ್ಡಹೆಸರ ಹಿಡದ್ರ 'ಪ'ದಾಗ ಪಾಟೀಲರದ ಒಂದ ಓಣಿನ ಆಗತೈತಿ. ಆಗಲಿ."

ಇಷ್ಟಾದರೆ ಮುಗಿಯಿತು ಎಂದು ನಾನು ಏಳುವವಳಿದ್ದೆ. ಅವರು ಪಟ್ಟಿಯ ಮೊದಲಿಗೆ ಹೋಗಿ ಒಂದೊಂದೇ ಪುಸ್ತಕಕ್ಕೆ ಬೆರಳಿಟ್ಟು ಕೇಳತೊಡಗಿದರು. "ಇದನ್ನ ಕಂಡೀಯೇನು? ಇದನ್ನ?" ಮೊದಲ ಹತ್ತಕ್ಕೆ ಹೌದೆಂದೆ. ಆಮೇಲೆ ನನ್ನ ದನಿ ಸಣ್ಣದಾಯಿತು. ಅವರು ಎದ್ದು ಕಪಾಟಿನಿಂದ ಯಾರದೋ ಹಳೆಯ ಪ್ರಬಂಧವೊಂದನ್ನು ತಂದರು. ಅದರ ಗ್ರಂಥಸೂಚಿಯನ್ನು ತೆರೆದು ನನ್ನ ಪಟ್ಟಿಯ ಪಕ್ಕಕ್ಕಿಟ್ಟರು. ಅದರಲ್ಲಿ ಒಂದು ಕಡೆ 'ಧಾರವಾಡ' ಎನ್ನುವುದು 'ಧರವಾಡ' ಎಂದು ಅಚ್ಚಾಗಿತ್ತು. ನನ್ನದರಲ್ಲೂ ಅದೇ ಜಾಗದಲ್ಲಿ 'ಧರವಾಡ' ಎಂದೇ ಇತ್ತು.

ನೆಲ ಬಾಯ್ಬಿಟ್ಟು ನುಂಗಬಾರದೆ ಅನ್ನಿಸಿತು. ಪಟ್ಟಿ ದೊಡ್ಡದಾಗಿ ಕಾಣಲಿ ಎಂದು ನಾನು ಆ ಪ್ರಬಂಧದಿಂದ ಅರವತ್ತಕ್ಕೂ ಹೆಚ್ಚು ಪುಸ್ತಕಗಳ ಹೆಸರನ್ನು ಎತ್ತಿಕೊಂಡಿದ್ದೆ. ಒಂದನ್ನೂ ಕೈಯಲ್ಲಿ ಹಿಡಿದಿರಲಿಲ್ಲ.

ಅವರು ಬೈಯಲಿಲ್ಲ. "ಪಾಪ, ಅವರೂ ಮತ್ತ್ಯಾರದರ ನೋಡಿ ಬರದಿರಬೇಕು" ಎಂದಷ್ಟೇ ಹೇಳಿ, ಚಹಾ ತರಿಸಿ, ನನಗೂ ಒಂದು ಚೂರು ಬೆಲ್ಲ ಕೊಟ್ಟರು. ನಾನು ಕಣ್ಣೊರೆಸಿಕೊಳ್ಳುವುದನ್ನು ಕಾಣದವರಂತೆ ತಮ್ಮ ಹರೆಯದ ಸಂಗತಿಯೊಂದನ್ನು ಹೇಳಿದರು. ಯಾವುದೋ ಪಟ್ಟಿಯಲ್ಲಿ ಒಂದು ಪುಸ್ತಕದ ಹೆಸರು ಕಂಡು, ಅದನ್ನು ನೋಡಲೇಬೇಕೆಂದು ಎರಡು ಬಸ್ಸು ಬದಲಿಸಿ ದೂರದ ಊರಿಗೆ ಹೋಗಿದ್ದರಂತೆ. ಆ ಊರಲ್ಲಿ ಅಂಥ ಪ್ರೆಸ್ಸೂ ಇರಲಿಲ್ಲ, ಅಂಥ ಪುಸ್ತಕವೂ ಇರಲಿಲ್ಲ. "ನಾವು ಬರದದ್ದ ನಂಬಿ ಯಾರರ ಬಸ್ ಹತ್ತತಾರವ್ವಾ. ಅಷ್ಟ ನೆಪ್ಪಿಟ್ಕೋ" ಎಂದರು.

ಅಂದು ಅವರ ಎದುರಿಗೇ ಅಷ್ಟನ್ನೂ ಹೊಡೆದುಹಾಕಿದೆ. ಒಂದನ್ನು ಮಾತ್ರ ಹೊಡೆಯಲು ಆಗಲಿಲ್ಲ. ಹುಕ್ಕೇರಿಯ ಹೆಡ್‌ಮಾಸ್ತರರೊಬ್ಬರು ಬಹಳ ಹಿಂದೆ ಅಚ್ಚು ಹಾಕಿಸಿದ್ದ, ಹೊಲದ ಮಾತುಗಳ ಸಣ್ಣ ಸಂಗ್ರಹ ಅದು. ನನ್ನ ಮೂರನೆಯ ಅಧ್ಯಾಯವೆಲ್ಲ ಅದರ ಮೇಲೆಯೇ ನಿಂತಿತ್ತು. ಅದನ್ನೂ ನಾನು ಕಂಡಿರಲಿಲ್ಲ; ಹಳೆಯ ಪ್ರಬಂಧದಲ್ಲಿ ಉಲ್ಲೇಖವಾಗಿದ್ದ ಭಾಗಗಳನ್ನೇ ಬಳಸಿದ್ದೆ. ಗ್ರಂಥಪಾಲಕರು ತಮಗೆ ಗೊತ್ತಿದ್ದ ಗ್ರಂಥಾಲಯಗಳಿಗೆಲ್ಲ ಫೋನು ಮಾಡಿದರು. ಎಲ್ಲಿಯೂ ಇರಲಿಲ್ಲ.

"ರವಿವಾರ ಹುಕ್ಕೇರಿಗೆ ಹೋಗೂಣು" ಎಂದರು.

"ನೀವ್ಯಾಕ ತ್ರಾಸ ತಗೋತೀರಿ ಸರ್? ನಾ ಒಬ್ಬಾಕಿನ ಹೋಗ್ತೀನ್ರಿ."

"ನಾನೂ ಆ ಪುಸ್ತಕ ಕಂಡಿಲ್ಲವಾ. ನನಗೂ ಆಶಾ ಐತಿ."

ಹೆಡ್‌ಮಾಸ್ತರರ ಮನೆ ಸುಲಭವಾಗಿ ಸಿಕ್ಕಿತು. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವರ ಮಗ, ಸೊಸೆ, ಮೊಮ್ಮಕ್ಕಳು ಮತ್ತು ಹೆಡ್‌ಮಾಸ್ತರರ ತಂಗಿ ಗಂಗವ್ವ ಇದ್ದರು. ಗಂಗವ್ವನವರಿಗೆ ಎಂಬತ್ತು ದಾಟಿದ್ದರೂ ದನಿ ಗಟ್ಟಿಯಾಗಿತ್ತು. ಪಡಸಾಲೆಯಲ್ಲಿ ಕುಳಿತು ಮೊಮ್ಮಕ್ಕಳನ್ನು ಗದರಿಸುತ್ತಿದ್ದರು. ಮಗ ಟ್ರಂಕಿನಿಂದ ಪುಸ್ತಕ ತೆಗೆದುಕೊಟ್ಟ. ಗ್ರಂಥಪಾಲಕರು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಹೊದಿಕೆ ಬಿಟ್ಟು ಒಳಗಿನ ಶೀರ್ಷಿಕೆ ಪುಟ ನೋಡಿದರು, ಪುಟ ಎಣಿಸಿದರು, ಚೀಟಿಯಲ್ಲಿ ಬರೆದುಕೊಂಡರು. ನಾನು ಆಸೆಯಿಂದ ನನ್ನ ಅಧ್ಯಾಯಕ್ಕೆ ಮುಖ್ಯವಾಗಿದ್ದ ಮಾತೊಂದನ್ನು ಹುಡುಕಿ ಗಟ್ಟಿಯಾಗಿ ಓದಿದೆ. "ಅಂಗಡಿ ಸಾಲು."

ಗಂಗವ್ವನವರು ನಕ್ಕರು. "ಅಂಗಡಿ ಅಲ್ಲವ್ವಾ, ಅಕ್ಕಡಿ. ಅಕ್ಕಡಿ ಸಾಲು. ಜ್ವಾಳದ ನಡುವ ತೊಗರಿ, ಹೆಸರ ಹಾಕ್ತೇವಲ್ಲ, ಅದ. ಪ್ರೆಸ್‌ನ್ಯಾಗಿನಾಂವ ಏನ ತಿಳಕೊಂಡ್ನೋ, ಅಂಗಡಿ ಅಂತ ಜೋಡಿಸಿದಾ. ನಾ ಅವಾಗ ಅಣ್ಣಗ ಹೇಳಿದ್ನಿ. ಅಚ್ಚಾಗೇ ಹೋಗೇತಿ ಬಿಡು ಅಂದಾ."

ಅಕ್ಕಡಿ ಸಾಲು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅಚ್ಚಿನ ಅಕ್ಷರ ನಂಬಿ, ಹೆಣ್ಣುಮಕ್ಕಳು ಪೇಟೆಯಲ್ಲಿ ಮಾರಿಕೊಳ್ಳಲೆಂದು ಬೇರೆಯಾಗಿ ಬೆಳೆಯುವ ಸಾಲಿಗೆ ಹುಕ್ಕೇರಿ ಕಡೆ 'ಅಂಗಡಿ ಸಾಲು' ಎನ್ನುತ್ತಾರೆ ಎಂದು ನಾನು ಒಂದೂವರೆ ಪುಟ ವಿವರಣೆ ಬರೆದಿದ್ದೆ.

ಗ್ರಂಥಪಾಲಕರು ನನ್ನ ಮುಖ ನೋಡಲಿಲ್ಲ. ಗಂಗವ್ವನವರನ್ನು ಕೇಳಿದರು. "ಇದ ನಿಮಗ ಹೆಂಗ ಗೊತ್ತರಿ, ಅವ್ವಾರ?"

"ಗೊತ್ತಿಲ್ದ ಏನ್ರಿ? ಹೊಲದಾಗ ದುಡದಾಕಿ ನಾನು. ಅಣ್ಣ ಸಾಲಿ ಕಲಿಸಾಕ ಹೋಗಾಂವ, ಅವಗೇನ ಗೊತ್ತ ಹೊಲದ ಸುದ್ದಿ? ಸಂಜಿಮುಂದ ನಾ ಹೇಳಾಕಿ, ಆಂವ ಬರ್ಕೊಳ್ಳಾಂವ. ಎರಡ ಬ್ಯಾಸಗಿ ಬರದಾ."

ಪುಸ್ತಕದ ಮುನ್ನುಡಿ ನೋಡಿದೆ. 'ಮನೆಯವರ ನೆರವಿನಿಂದ' ಎಂಬ ಎರಡು ಪದ ಬಿಟ್ಟರೆ ಮತ್ತೇನೂ ಇರಲಿಲ್ಲ. "ಹಂಗಾದರ ಇದ ನಿಮ್ಮ ಪುಸ್ತಕ ಅಲ್ಲೇನ್ರಿ?" ಎಂದುಬಿಟ್ಟೆ. ಗಂಗವ್ವನವರು "ಬರದಾಂವ ಅವನ ಅಲ್ಲೇನ" ಎಂದರು, ಸಿಟ್ಟೇನೂ ಇಲ್ಲದೆ. ಬಾಗಿಲಲ್ಲಿ ನಿಂತಿದ್ದ ಮಗನ ಮುಖ ಮಾತ್ರ ಸಣ್ಣದಾಗಿತ್ತು. "ನೋಡ್ರಿ ಬಾಯಾರ, ನಮ್ಮಪ್ಪಂದು ಅಂತ ಉಳದದ್ದ ಇದೊಂದ ಹೆಸರು. ಅದನ್ನ ತಗೀಬ್ಯಾಡ್ರಿ" ಎಂದ.

ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಗ್ರಂಥಪಾಲಕರೊಡನೆ ಜಗಳವಾಡಿದೆ. ಗ್ರಂಥಸೂಚಿಯಲ್ಲಿ ಹೆಡ್‌ಮಾಸ್ತರರ ಹೆಸರು ತೆಗೆದು ಗಂಗವ್ವನವರ ಹೆಸರು ಹಾಕುತ್ತೇನೆ ಎಂದೆ.

"ಹಂಗ ಬರಾಂಗಿಲ್ಲ ತಂಗಿ. ಪುಸ್ತಕದ ಮ್ಯಾಲ ಯಾರ ಹೆಸರೈತಿ ಅವರದ ಬರೀಬೇಕು. ಇಲ್ಲಾಂದ್ರ ನಾಳೆ ಹುಡಕಾಂವಗ ಪುಸ್ತಕ ಸಿಗೂದಿಲ್ಲ."

"ಹುಡಕಾಂವಂದ ಅಷ್ಟ ಚಿಂತಿ ನಿಮಗ. ಅಕೀದಲ್ಲ. ನಿಮಗ ಮನಷ್ಯಾರಕಿಂತ ನಿಯಮ ದೊಡ್ಡದಾತು."

ಅವರು ಬಸ್ಸು ಹತ್ತಿ ಗೋಕಾಕ ಮುಟ್ಟುವವರೆಗೂ ಕಿಟಕಿಯ ಹೊರಗೆ ನೋಡುತ್ತಲೇ ಕುಳಿತಿದ್ದರು. ಅಷ್ಟು ದೂರ ನನಗಾಗಿ ಬಂದ ಮನುಷ್ಯನಿಗೆ ಆಡಬಾರದ ಮಾತಾಡಿದೆ ಎಂದು ಇಳಿಯುವ ಮೊದಲೇ ಅನ್ನಿಸಿತ್ತು. ಆದರೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.

ನಾಲ್ಕನೆಯ ದಿನ ಶಾಲೆಗೆ ಅವರದೇ ಫೋನು ಬಂತು. ಸಂಜೆ ಹೋದೆ. ಮೇಜಿನ ಮೇಲೆ ಎರಡು ಚೀಟಿಗಳಿದ್ದವು. ಒಂದರಲ್ಲಿ ಹೆಡ್‌ಮಾಸ್ತರರ ಹೆಸರಿನ ನಮೂದು, ಶೀರ್ಷಿಕೆ ಪುಟದಲ್ಲಿ ಇದ್ದದ್ದು ಇದ್ದ ಹಾಗೆ. ಇನ್ನೊಂದರ ತಲೆಯ ಮೇಲೆ 'ಗಂಗವ್ವ' ಎಂದಿತ್ತು. ಅದರ ಕೆಳಗೆ, ಈ ಮಾತುಗಳನ್ನು ಹೇಳಿ ಬರೆಸಿದವರು ಇವರು, ಪುಸ್ತಕ ಅಣ್ಣನ ಹೆಸರಿನಲ್ಲಿ ಅಚ್ಚಾಗಿದೆ, ಅಲ್ಲಿ ನೋಡಿ ಎಂಬ ಸೂಚನೆ.

"ಗ್ರಂಥಾಲಯದಾಗ ನಾವು ಹಿಂಗ ಮಾಡ್ತೇವಿ. ಒಂದ ಪುಸ್ತಕಕ್ಕ ಎರಡ ಬಾಗಲಾ. 'ಗ'ದಾಗ ಹುಡಕಿದಾಂವಗೂ ಸಿಗಬೇಕು. ನಾಕ ದಿನಾ ಬೇಕಾತು ನನಗ, ಇಷ್ಟ ಹೊಳ್ಯಾಕ" ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈಯಾಡಿಸಿ ತಡೆದರು. "ಅದಿರಲಿ. ಅಕೀನ ಕೇಳದ ಅಕೀ ಹೆಸರ ಹಾಕಾಕ ನಮಗೇನ ಹಕ್ಕೈತಿ? ಹೊಳ್ಳಿ ಹೋಗಬೇಕು."

ಮುಂದಿನ ರವಿವಾರ ಮತ್ತೆ ಹೋದೆವು. ಅವರು ಮೊದಲು ಮಗನನ್ನು ಕೂರಿಸಿಕೊಂಡು ಅವನ ತಂದೆಯ ಚೀಟಿ ತೋರಿಸಿದರು. "ನೋಡಪಾ, ನಿಮ್ಮಪ್ಪ ಎಲ್ಲಿದ್ದರೋ ಅಲ್ಲೇ ಅದಾರ. ಒಂದ ಅಕ್ಷರ ಸರಿಸಿಲ್ಲ." ಆತ ಎರಡು ಸಲ ಓದಿಕೊಂಡ. ಆಮೇಲೆ ತಾನೇ ಎರಡನೆಯ ಚೀಟಿ ತೆಗೆದುಕೊಂಡು ಅತ್ತೆಯ ಎದುರು ಕುಳಿತು, "ಇಲ್ಲಿ ನಿನ್ನ ಹೆಸರ ಹಾಕ್ತಾರಂತ ನೋಡತ್ತಿ" ಎಂದು ಓದಿ ಹೇಳಿದ.

ಗಂಗವ್ವನವರು ಖುಷಿಪಡುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಹೇಳಿದ್ದೇ ಬೇರೆ. "ನಂದೊಂದ ಹಾಕಿದ್ರ ಹೆಂಗ? ಎಲ್ಲಾ ಮಾತ ನನ್ನವ ಏನ್ರಿ? ಕಣದ ಮಾತ ಪಾರವ್ವ ಕಲಿಸಿದ್ದು. ಕಳೆ ತಗಿಯೂ ಮಾತ ನಮ್ಮ ಸಣ್ಣತ್ತೀದು. ಬಾಜೂ ಮನಿ ಅಮೀನಾಬಿ ಅಂತಿದ್ಲು, ಬಿತ್ತಿಗಿ ಹಾಡ ಅಕೀವ." ಒಬ್ಬರಾದ ಮೇಲೆ ಒಬ್ಬರಂತೆ ಏಳು ಹೆಣ್ಣುಮಕ್ಕಳ ಹೆಸರು ಹೇಳಿದರು. ಯಾರೂ ಬದುಕಿರಲಿಲ್ಲ. ಗ್ರಂಥಪಾಲಕರು ಜೇಬಿನಿಂದ ಚೀಟಿ ತೆಗೆಯುತ್ತಲೇ ಹೋದರು, ಒಬ್ಬೊಬ್ಬರಿಗೆ ಒಂದೊಂದು. ಯಾವ ಊರು, ಯಾರ ಮನೆ, ಏನು ಹೇಳಿದ್ದರು ಎಲ್ಲ ಕೇಳಿ ಬರೆದರು. 'ಗಂಗವ್ವ ಹೇಳಿದಂತೆ' ಎಂದು ಪ್ರತಿಯೊಂದರ ಕೊನೆಗೂ ಸೇರಿಸಿದರು. "ಕಂಡದ್ದಕ್ಕ ಕಂಡೇನಿ ಅನ್ನೂಣು, ಕೇಳಿದ್ದಕ್ಕ ಕೇಳೇನಿ ಅನ್ನೂಣು. ಎರಡೂ ಸುಳ್ಳಲ್ಲ" ಎಂದರು ನನ್ನ ಕಡೆ ತಿರುಗಿ.

ಪಟ್ಟಿ ನೋಡಿ ನನ್ನ ಮಾರ್ಗದರ್ಶಕರು ಹುಬ್ಬು ಗಂಟಿಕ್ಕಿದರು. "ಇದು ಗ್ರಂಥಸೂಚಿಯೋ, ಮದುವೆಯ ಆಹ್ವಾನವೋ?" ಎಂದರು. ಆದರೆ ನಾನು ತೆಗೆಯುವುದಿಲ್ಲ ಎಂದಾಗ ಒತ್ತಾಯಿಸಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಯಾರೂ ಆ ಪುಟಗಳನ್ನು ತೆರೆಯಲಿಲ್ಲ. ಒಂದು ಪ್ರಶ್ನೆಯೂ ಬರಲಿಲ್ಲ. ಬೇಸರದಿಂದ ಬಂದು ಹೇಳಿದರೆ ಗ್ರಂಥಪಾಲಕರು, "ಚಲೋ ಆತು. ತಪ್ಪಿದ್ದರ ಕೇಳತಿದ್ರು" ಎಂದು ನಕ್ಕರು.

ಹೊಲಿಗೆ ಹಾಕಿಸಿದ ಪ್ರತಿಯೊಂದನ್ನು ಹುಕ್ಕೇರಿಗೂ ಒಯ್ದುಕೊಟ್ಟೆ. ಗಂಗವ್ವನವರು ಮರುವರ್ಷ ತೀರಿಕೊಂಡರು. ಮೊಮ್ಮಗಳೊಬ್ಬಳು ಆ ಹೆಸರುಗಳಿದ್ದ ಪುಟವನ್ನು ಅಜ್ಜಿಗೆ ಆಗಾಗ ಓದಿ ಹೇಳುತ್ತಿದ್ದಳೆಂದು ಅಣ್ಣನ ಮಗ ಫೋನಿನಲ್ಲಿ ತಿಳಿಸಿದ. ಅವರಿಗೆ ತಮ್ಮ ಹೆಸರಿಗಿಂತ ಪಾರವ್ವನ ಹೆಸರು ಕೇಳುವುದೇ ಹೆಚ್ಚು ಇಷ್ಟವಾಗಿತ್ತಂತೆ.

ಗ್ರಂಥಪಾಲಕರು ನಿವೃತ್ತರಾದ ಮೇಲೂ ಅವರ ಮೂಡಲಗಿಯ ಮನೆಗೆ ಪಟ್ಟಿ ಹಿಡಿದುಕೊಂಡು ಬರುವವರು ಕಡಿಮೆಯಾಗಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ, ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಮನೆಯವರನ್ನು ಮಾತನಾಡಿಸಲು ಹೋದಾಗ ಅಂಗಳದಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ ಮಂದಿ ಕುಳಿತಿದ್ದರು: ಅರಭಾವಿಯಲ್ಲಿ ತೋಟಗಾರಿಕೆ ಓದುವ ಹುಡುಗಿಯರು, ಕಾಲೇಜಿನ ಅಧ್ಯಾಪಕರು, ತುಕ್ಕಾನಟ್ಟಿಯ ನಿವೃತ್ತ ಮಾಸ್ತರರೊಬ್ಬರು. "ನನ್ನ ಪಟ್ಟಿ ಮೂರ ಸಲ ಹೊಳ್ಳಿ ಕಳಿಸಿದ್ರು" ಎಂದು ಒಬ್ಬಾಕೆ ಹೇಳಿದಳು. "ನಂದ ಐದ ಸಲ" ಎಂದರು ಮಾಸ್ತರರು. ದುಃಖದ ಮನೆಯೆಂಬುದನ್ನು ಮರೆತು ಎಲ್ಲರೂ ನಕ್ಕೆವು.

ಗ್ರಂಥಪಾಲಕರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ನಿಮ್ಮ ಪುಸ್ತಕದಾಗ ಇವರ ಸುದ್ದಿ ಬರದೀರಂತಲ್ಲ. ನನಗೊಮ್ಮಿ ತೋರಸ್ರೆವಾ."

ಮುಂದಿನ ವಾರ ನನ್ನ ಪ್ರತಿ ಒಯ್ದು ಕೃತಜ್ಞತೆಯ ಪುಟ ತೆಗೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. 'ಗ್ರಂಥಸೂಚಿಯನ್ನು ತಿದ್ದಿದ ಕಾಲೇಜಿನ ಗ್ರಂಥಪಾಲಕರಿಗೆ ನನ್ನ ನಮಸ್ಕಾರಗಳು.' ಮತ್ತೊಮ್ಮೆ ಓದಿ ತಲೆಯೆತ್ತಿದರು.

"ಇವರ ಹೆಸರೆಲ್ಲೈತಿ?"

ನಾನು ಹೆಸರು ಬರೆದಿದ್ದೆ. ಕರಡು ತೋರಿಸಿದಾಗ ಗ್ರಂಥಪಾಲಕರೇ ಅದನ್ನು ಹೊಡೆದುಹಾಕಿದ್ದರು. ಇದು ತಮ್ಮ ಕೆಲಸ, ಗ್ರಂಥಪಾಲಕರು ಅಂದರೆ ಸಾಕು ಎಂದಿದ್ದರು. ಅದನ್ನೇ ಅವರ ಹೆಂಡತಿಗೆ ಹೇಳಿದೆ.

"ಹೌದು, ಹಂಗ ಅನ್ನೂ ಮನಷ್ಯಾನ" ಎಂದರು ಅವರು. ಪುಟದ ಮೇಲೆ ಅಂಗೈ ಇಟ್ಟುಕೊಂಡು ಮೆಲ್ಲಗೆ ಕೇಳಿದರು. "ನೀವ್ಯಾಕ ಕೇಳಿದ್ರೆವಾ ಅವರ ಮಾತ?"

ಚೀಲದಿಂದ ಪೆನ್ನು ತೆಗೆದು, ಆ ಸಾಲಿನ ಮೇಲೆ, 'ಗ್ರಂಥಪಾಲಕರಿಗೆ' ಎಂಬ ಪದದ ಮುಂಚೆ, ಅವರ ಪೂರ್ಣ ಹೆಸರನ್ನು ಬರೆದೆ. ಅವರ ಹೆಂಡತಿ ಅಕ್ಷರ ಬಿಡಿಸಿ ಬಿಡಿಸಿ ಅದನ್ನು ಓದಿಕೊಂಡರು, ಮಸಿ ಆರುವವರೆಗೆ ಪುಸ್ತಕ ಮುಚ್ಚಲಿಲ್ಲ. ಆ ಪ್ರತಿಯನ್ನು ನಾನು ತಿರುಗಿ ತರಲಿಲ್ಲ.