ರೊಟ್ಟಿ ತಿನ್ನುವ ಪಿಕಳಾರ

ನಮ್ಮ ಜಿಲ್ಲೆಯಲ್ಲಿ ಜೋಳದ ರೊಟ್ಟಿ ತಿನ್ನುವ ಹಕ್ಕಿಯೊಂದಿದೆ ಎಂದರೆ ನಂಬುತ್ತೀರಾ? ಕಂಪ್ಯೂಟರ್ ಹಾಗೆಂದು ಹೇಳಿತ್ತು.

ನನ್ನ ತಂಗಿ ಸುನಂದಾ ಇಳಕಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಆಕೆಯ ಪಿಎಚ್‌ಡಿ ಹಳದಿ ಕೊರಳಿನ ಪಿಕಳಾರದ ಮೇಲೆ. ಕಲ್ಲುಗುಡ್ಡ ಬಿಟ್ಟು ಕದಲದ, ಮಹಾ ನಾಚಿಕೆಯ ಹಕ್ಕಿ. ಅದು ಕಂಡ ಜಾಗಗಳನ್ನು ಕಂಪ್ಯೂಟರಿಗೆ ಕೊಡಬೇಕು. ಮಳೆ, ಇಳಿಜಾರು, ಬಂಡೆ, ಪೊದೆಗಳ ಲೆಕ್ಕವನ್ನೂ ಕೊಡಬೇಕು. ಹಕ್ಕಿಗೆ ಎಂಥ ಜಾಗ ಸೇರುತ್ತದೆ ಎಂದು ಲೆಕ್ಕ ಹಾಕಿ, ಇನ್ನೆಲ್ಲಿ ಇರಬಹುದೋ ಅಲ್ಲೆಲ್ಲ ಕಂಪ್ಯೂಟರ್ ನಕಾಶೆಗೆ ಕೆಂಪು ಬಳಿಯುತ್ತದೆ. (ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.)

ಜಾಗಗಳನ್ನು ಕೊಟ್ಟವರು ನಾವು, ನವನಗರದ ಭಾನುವಾರದ ಗೆಳೆಯರು. ಬೈನಾಕ್ಯುಲರ್ ಹಿಡಿದು ವರ್ಷಗಟ್ಟಲೆ ಬಾದಾಮಿ ಸುತ್ತಿದವರು. ನಕಾಶೆ ಬಂತು. ಬನಶಂಕರಿ ಗುಡಿಯ ಸುತ್ತ ಕೆಂಪೋ ಕೆಂಪು. ಗುಡಿ ಮುಂದೆ ಹೆಣ್ಣುಮಕ್ಕಳು ರೊಟ್ಟಿ, ಕಾಳುಪಲ್ಯ, ಗಡಿಗೆ ಮೊಸರು ಮಾರುತ್ತಾರಲ್ಲ, ಸರಿಯಾಗಿ ಅಲ್ಲಿ.

"ಅಣ್ಣಾ, ಇದು ಹಕ್ಕಿ ನಕಾಶಿ ಅಲ್ಲ. ನೀವು ಉಂಡ ಜಾಗಾದ ನಕಾಶಿ," ಎಂದಳು ಸುನಂದಾ.

ಮಾತು ಖರೆ. ನಮ್ಮ ಪದ್ಧತಿಯೇ ಹಾಗೆ. ಮೊದಲು ರೊಟ್ಟಿ ಕಟ್ಟಿಸಿಕೊಳ್ಳುವುದು, ಹತ್ತಿರದ ಬಂಡೆಯ ನೆರಳಲ್ಲಿ ಕೂತು ಉಣ್ಣುವುದು, ಉಣ್ಣುತ್ತ ಕಂಡ ಹಕ್ಕಿ ಬರೆದುಕೊಳ್ಳುವುದು. ಆ ಮೊಸರು ಬಿಟ್ಟು ದೂರದ ಗುಡ್ಡ ಹತ್ತುವ ಭೂಪ ಯಾರಿದ್ದಾನೆ?

ಅವಳ ಪಿಎಚ್‌ಡಿ ಗೈಡ್ ಮಾತ್ರ ನಗಲಿಲ್ಲ. "ಈ ಅಧ್ಯಾಯ ತಗದ ಬಿಡ್ರಿ," ಎಂದರು. ಅದು ಹೋದರೆ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮಾತ್ರ. ಸುನಂದಾ ಅವತ್ತು ಊಟ ಮಾಡಲಿಲ್ಲ.

ಆದರೆ ನಮ್ಮ ಮನೆಯ ಹೆಣ್ಣುಮಗಳು ಸೋಲುವ ಪೈಕಿ ಅಲ್ಲ. ನಾವು ಬೇರೆ ಹಕ್ಕಿ ಕಂಡ ಜಾಗಗಳನ್ನೂ ತರಿಸಿಕೊಂಡಳು. ಗೊರವಂಕ, ಗಿಳಿ, ಕಾಗೆಯನ್ನೂ ಬಿಡಲಿಲ್ಲ.

"ನೀವು ಹೋದ ಜಾಗಾ ಇಷ್ಟು. ಇದರಾಗ ಪಿಕಳಾರ ಕಂಡಲ್ಲಿ ಏನ್ ವಿಶೇಷ ಐತಿ, ಹಂಗ ಕೇಳಬೇಕಿತ್ತು. ನೀವು ಹೋಗದ ಕಡೆ ಹಕ್ಕೀನ ಇಲ್ಲ ಅಂತ ತಿಳದಿತ್ತು ಈ ಕಂಪ್ಯೂಟರ್."

ಹೊಸ ನಕಾಶೆಯಲ್ಲಿ ಬನಶಂಕರಿಯ ಕೆಂಪು ತೆಳುವಾಯಿತು. ಹುನಗುಂದದ ಆಚೆ, ನಾವ್ಯಾರೂ ಕಾಲಿಡದ ಕಲ್ಲುಗುಡ್ಡವೊಂದು ಕೆಂಪಾಯಿತು. "ಅಲ್ಲಿ ಹಕ್ಕಿ ತೋರಸ್ರಿ, ಅಧ್ಯಾಯ ಇಡೂಣು," ಎಂದರು ಗೈಡ್.

ಹೋದ ಭಾನುವಾರ ಗೈಡ್, ಸುನಂದಾ, ನಾನು ಮೂವರೂ ಆ ಗುಡ್ಡ ಹತ್ತಿದೆವು. (ರೊಟ್ಟಿ ಇಲ್ಲದೆ. ತಂಗಿಯ ಆರ್ಡರ್.) ಬಿಸಿಲೇರಿತು. ಹಕ್ಕಿ ಇಲ್ಲ. ಗೈಡ್ ವಾಚು ನೋಡಿಕೊಂಡರು. ಸುನಂದಾಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆಗ ಬಂಡೆ ಸಂದಿಯ ಪೊದೆಯಿಂದ ಹಕ್ಕಿಯೊಂದು ಹೊರಬಂದು ತುದಿಯಲ್ಲಿ ಕೂತಿತು. ಅರಿಶಿನ ಬಳಿದಂಥ ಕೊರಳು. ಅದರ ಹಿಂದೆಯೇ ಇನ್ನೊಂದು.

ಗೈಡ್ ಬೈನಾಕ್ಯುಲರ್ ಇಳಿಸಲೇ ಇಲ್ಲ. ನೋಡುತ್ತಲೇ, "ಮೊದಲನೇ ಅಧ್ಯಾಯನ ಇದ ಇರಲಿ, ಮೇಡಂ," ಎಂದರು. ಜೋಡಿ ಹಾರಿಹೋದ ಮೇಲೆ ಮೇಡಂ ಗುಡ್ಡದ ಮೇಲೆ ಕುಣಿದೇ ಕುಣಿದರು. ಗೆದ್ದಳು ನನ್ನ ತಂಗಿ. ಹೆಮ್ಮೆಗೆ ನನ್ನ ಕಣ್ಣು ತುಂಬಿತು.

ಈಗ ಹೇಳಿ, ನಮ್ಮ ಜಿಲ್ಲೆಯಲ್ಲಿ ಏನೂ ಇಲ್ಲ ಎನ್ನುವವರೇ, ನೀವು ಗಾಡಿಯಿಂದ ಇಳಿದದ್ದು ಎಲ್ಲೆಲ್ಲಿ?